ಡಂಡಿಯ ಗಡಿಯಾರ ಕಾರ್ಖಾನೆ, ಬೆಂಗಳೂರಿನ ಧ್ರುವ

2019ರ ಮೇ ತಿಂಗಳಲ್ಲಿ ಸ್ವೀಡನ್ ದೇಶದ ಸ್ಟಾರ್‌ಬ್ರೀಜ್ ಕಂಪನಿ, ಬೆಂಗಳೂರಿನ ಧ್ರುವ ಇಂಟರ್‌ಆಕ್ಟಿವ್ ಸಂಸ್ಥೆಯಲ್ಲಿ ತನಗಿದ್ದ ಶೇಕಡಾ 91.82ರಷ್ಟು ಪಾಲನ್ನು 79 ಲಕ್ಷ ಡಾಲರಿಗೆ ಮಾರಲು ಒಪ್ಪಿತು. ಕೊಳ್ಳಲು ಮುಂದೆ ಬಂದದ್ದು ರಾಕ್‌ಸ್ಟಾರ್ ಗೇಮ್ಸ್. ಜಿಟಿಎ ಎಂಬ ಮೂರಕ್ಷರ ಕೇಳಿದರೆ ಬೆಳಗಾವಿ ಜಿಲ್ಲೆಯ ಸವದತ್ತಿ, ರಾಮದುರ್ಗ, ಬೈಲಹೊಂಗಲದ ಹೈಸ್ಕೂಲು ಹುಡುಗರ ಕಣ್ಣುಗಳೂ ಅರಳುತ್ತವೆ. ಆ ಗ್ರ್ಯಾಂಡ್ ಥೆಫ್ಟ್ ಆಟೋ ಆಟಗಳ ಒಡೆಯರು ಇವರೇ.

ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಸಣ್ಣ ಸುದ್ದಿಯಾಗಿ ಹೋದ ಈ ವ್ಯವಹಾರದ ಹಿಂದೆ ಸುಮಾರು ನಲವತ್ತು ವರ್ಷಗಳ ಕಥೆಯಿದೆ. ಅದರ ಒಂದು ತುದಿ ಸ್ಕಾಟ್ಲೆಂಡಿನ ಡಂಡಿ ಎಂಬ ಊರಿನ ಗಡಿಯಾರ ಕಾರ್ಖಾನೆಯಲ್ಲಿದೆ. ಇನ್ನೊಂದು ತುದಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಇನ್ನೂ ಸಿಗದಿದ್ದ ಕಾಲದ ಬೆಂಗಳೂರಿನಲ್ಲಿದೆ. ಅಲ್ಲಿ ಡೇವಿಡ್ ಜೋನ್ಸ್, ಇಲ್ಲಿ ರಾಜೇಶ್ ರಾವ್. ಇಬ್ಬರ ದಾರಿಯೂ 1990ರ ದಶಕದ ಕೊನೆಯಲ್ಲಿ ಒಂದೇ ಫ್ರೆಂಚ್ ಕಂಪನಿಯ ಅಂಗಳವನ್ನು ಹಾದುಹೋಯಿತು. ಇಪ್ಪತ್ತು ವರ್ಷಗಳ ಮೇಲೆ, ಇಬ್ಬರೂ ಕಟ್ಟಿದ ಸಂಸ್ಥೆಗಳು ಒಂದೇ ಮಾಲಕತ್ವದ ಕೆಳಗೆ ಬಂದವು. ಈ ಕಥೆಯನ್ನು ಸವದತ್ತಿಯ ಕಡೆಯಿಂದ ನಿಂತು ನೋಡಿದಾಗ ನನಗೆ ಅದರಲ್ಲಿ ನಮ್ಮ ಊರುಗಳಿಗೂ ಸಂಬಂಧಿಸಿದ ಒಂದು ವಿಷಯ ಕಾಣುತ್ತದೆ. ಅದನ್ನು ಹೇಳಬೇಕಾದರೆ ಮೊದಲು ಡಂಡಿಗೆ ಹೋಗಬೇಕು.

ಡಂಡಿ ಭಾರತಕ್ಕೆ ತೀರ ಹೊರಗಿನ ಊರಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬಂಗಾಳದ ಸೆಣಬು ಹಡಗುಗಳಲ್ಲಿ ಅಲ್ಲಿಗೆ ಹೋಗಿ, ಗೋಣಿತಟ್ಟಾಗಿ, ಚೀಲವಾಗಿ ಜಗತ್ತಿಗೆಲ್ಲ ಹಂಚಿಹೋಗುತ್ತಿತ್ತು. ಊರಿಗೆ ಊರೇ ಸೆಣಬಿನ ಗಿರಣಿಗಳ ಮೇಲೆ ನಿಂತಿತ್ತು. ಹೂಗ್ಲಿ ನದಿಯ ದಂಡೆಯ ಮೇಲೆ ಕಲ್ಕತ್ತೆಯ ಗಿರಣಿಗಳು ಎದ್ದಮೇಲೆ ಡಂಡಿಯ ವ್ಯಾಪಾರ ಕುಗ್ಗುತ್ತ ಬಂತು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಟೈಮೆಕ್ಸ್ ಗಡಿಯಾರ ಕಂಪನಿ ಅಲ್ಲಿ ಕಾರ್ಖಾನೆ ತೆರೆದಾಗ ಗಿರಣಿ ಬಿಟ್ಟವರ ಮಕ್ಕಳಿಗೆ ಕೆಲಸ ಸಿಕ್ಕಿತು. ಎಪ್ಪತ್ತರ ದಶಕದಲ್ಲಿ ಎಲೆಕ್ಟ್ರಾನಿಕ್ ಗಡಿಯಾರಗಳು ಬಂದು ಕೀಲಿ ಕೊಡುವ ಗಡಿಯಾರದ ಕಾಲ ಮುಗಿಯುತ್ತಿದ್ದಂತೆ ಟೈಮೆಕ್ಸ್ ಕೂಡ ಬೇರೆ ಕೆಲಸ ಹುಡುಕಬೇಕಾಯಿತು. ಸಿಕ್ಕಿದ್ದು ಸರ್ ಕ್ಲೈವ್ ಸಿಂಕ್ಲೇರ್ ಅವರ ಅಗ್ಗದ ಕಂಪ್ಯೂಟರುಗಳನ್ನು ಜೋಡಿಸುವ ಗುತ್ತಿಗೆ.

ಸಿಂಕ್ಲೇರ್ ಮಾಡಿದ್ದು ಬೆಲೆಯ ಕ್ರಾಂತಿ. 1981ರ ಝಡ್‌ಎಕ್ಸ್81 ಜೋಡಿಸಿಕೊಳ್ಳುವ ಕಿಟ್ ರೂಪದಲ್ಲಿ 50 ಪೌಂಡಿಗೂ ಐದು ಪೆನ್ಸ್ ಕಡಿಮೆ. 1982ರ ಝಡ್‌ಎಕ್ಸ್ ಸ್ಪೆಕ್ಟ್ರಂ ಬಣ್ಣ ತೋರಿಸುತ್ತಿತ್ತು, ಸದ್ದು ಮಾಡುತ್ತಿತ್ತು. 16ಕೆ ಮಾದರಿಗೆ 125 ಪೌಂಡ್, 48ಕೆ ಮಾದರಿಗೆ 175 ಪೌಂಡ್. ಮನೆಯ ಟಿವಿಗೆ ತಂತಿ ಸಿಕ್ಕಿಸಿ, ಹಾಡು ಕೇಳುವ ಟೇಪ್ ರೆಕಾರ್ಡರಿನಿಂದಲೇ ಪ್ರೋಗ್ರಾಮ್ ತುಂಬಿಸಬಹುದಿತ್ತು. ಆನ್ ಮಾಡಿದರೆ ಪರದೆಯ ಮೇಲೆ ಬರುತ್ತಿದ್ದುದು ಆಟಗಳ ಪಟ್ಟಿಯಲ್ಲ, ಬೇಸಿಕ್ ಭಾಷೆಯಲ್ಲಿ ನೀನೇ ಏನಾದರೂ ಬರೆ ಎಂದು ಕಾಯುವ ಖಾಲಿ ಜಾಗ. ಅದೇ ಹೊತ್ತಿಗೆ ಬಿಬಿಸಿ ಸಂಸ್ಥೆ ದೇಶಕ್ಕೆಲ್ಲ ಕಂಪ್ಯೂಟರ್ ಕಲಿಸುವ ಕಾರ್ಯಕ್ರಮ ಕೈಗೊಂಡು, ಏಕಾರ್ನ್ ಕಂಪನಿಯಿಂದ ಬಿಬಿಸಿ ಮೈಕ್ರೋ ಮಾಡಿಸಿ ಶಾಲೆಗಳಿಗೆ ಒಯ್ದಿತ್ತು. ಆ ಯಂತ್ರದ 32ಕೆ ಸ್ಮರಣೆಯೊಳಗೆ ಕೇಂಬ್ರಿಜ್ ವಿದ್ಯಾರ್ಥಿಗಳಾದ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ 1984ರಲ್ಲಿ ಎಂಟು ನಕ್ಷತ್ರ ಮಂಡಲಗಳ ಇಡೀ ಜಗತ್ತನ್ನು ಹಿಡಿಸಿ, ಎಲೈಟ್ ಎಂಬ ಆಟ ಹೊರತಂದರು.

ಇಲ್ಲಿ ಇತಿಹಾಸಕಾರರ ನಡುವೆ ಒಂದು ತಕರಾರಿದೆ. ಮಲಗುವ ಕೋಣೆಯಲ್ಲಿ ಕೂತು ಒಬ್ಬಂಟಿ ಹುಡುಗರು ಬ್ರಿಟನ್ನಿನ ಗೇಮ್ ಉದ್ಯಮವನ್ನು ಕಟ್ಟಿದರು ಎಂಬುದು ಜನಪ್ರಿಯ ಕಥನ. ಸರ್ಕಾರ, ಬಿಬಿಸಿ, ಶಾಲೆ, ಅಗ್ಗದ ಕಾರ್ಖಾನೆ ಇವೆಲ್ಲ ಕೂಡಿ ನೆಲ ಹದ ಮಾಡದಿದ್ದರೆ ಆ ಹುಡುಗರು ಬೆಳೆಯುತ್ತಿರಲಿಲ್ಲ ಎಂಬುದು ಇನ್ನೊಂದು ವಾದ. ಡಂಡಿಯ ಮಟ್ಟಿಗೆ ಎರಡನೆಯ ವಾದಕ್ಕೇ ಹೆಚ್ಚು ತೂಕವಿದೆ ಎಂದು ನನ್ನ ಅನಿಸಿಕೆ. ಸ್ಪೆಕ್ಟ್ರಂ ಜೋಡಣೆಯಾಗುತ್ತಿದ್ದ ಊರೇ ಅದು. ಕಾರ್ಖಾನೆಯ ಹಿಂಬಾಗಿಲಿನಿಂದ ಹೊರಬಿದ್ದ ಯಂತ್ರಗಳು ಓಣಿಯ ಹುಡುಗರ ಕೈಸೇರಿದವು ಎಂಬ ಮಾತು ಅಲ್ಲಿ ಈಗಲೂ ಇದೆ. ಅದರಲ್ಲಿ ಎಷ್ಟು ನಿಜ, ಎಷ್ಟು ಊರ ಅಭಿಮಾನ ಎಂದು ಅಳೆಯುವುದು ಕಷ್ಟ. ಕಂಪ್ಯೂಟರ್ ಕ್ಲಬ್ಬೊಂದು ಅಲ್ಲಿತ್ತು, ಹುಡುಗರು ಸಂಜೆ ಅಲ್ಲಿ ಕೂಡುತ್ತಿದ್ದರು ಎಂಬುದಂತೂ ಖಚಿತ.

ಆ ಕ್ಲಬ್ಬಿಗೆ ಬರುತ್ತಿದ್ದವರಲ್ಲಿ ಡೇವಿಡ್ ಜೋನ್ಸ್ ಒಬ್ಬರು. ಟೈಮೆಕ್ಸ್ ಕಾರ್ಖಾನೆಯಲ್ಲೇ ತರಬೇತಿ ಎಂಜಿನಿಯರ್ ಆಗಿ ಸೇರಿದವರು. ಕಂಪನಿ ಆಳುಗಳನ್ನು ಕಡಿಮೆ ಮಾಡತೊಡಗಿದಾಗ ಪರಿಹಾರದ ಹಣ ತೆಗೆದುಕೊಂಡು ಹೊರಬಂದರು. ಆ ಹಣದಲ್ಲಿ ಅಮಿಗಾ ಎಂಬ ಆ ಕಾಲದ ಉತ್ತಮ ಕಂಪ್ಯೂಟರ್ ಕೊಂಡು, ಊರಿನ ತಾಂತ್ರಿಕ ಕಾಲೇಜಿನಲ್ಲಿ ಓದುತ್ತಲೇ ಆಟ ಬರೆಯತೊಡಗಿದರು. ಕ್ಲಬ್ಬಿನ ಗೆಳೆಯರಾದ ಮೈಕ್ ಡೇಯ್ಲಿ, ರಸೆಲ್ ಕೇ, ಸ್ಟೀವ್ ಹ್ಯಾಮಂಡ್ ಜೊತೆಗೂಡಿದರು. ಡಿಎಂಎ ಡಿಸೈನ್ ಎಂಬ ಹೆಸರಿನಲ್ಲಿ 1988ರಲ್ಲಿ ಮೆನೇಸ್, ಮರುವರ್ಷ ಬ್ಲಡ್ ಮನಿ ಹೊರಬಂದವು. ಎರಡನ್ನೂ ಪ್ರಕಟಿಸಿದ್ದು ಲಿವರ್‌ಪೂಲಿನ ಸಿಗ್ನೋಸಿಸ್.

ಇದೇ ವರ್ಷಗಳ ಭಾರತವನ್ನು ಪಕ್ಕದಲ್ಲಿಟ್ಟು ನೋಡಬೇಕು. 1984–85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಡಿ ಮೊದಲ ಹಂತದಲ್ಲಿ 250 ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು. ಆ ಕಂಪ್ಯೂಟರ್ ಯಾವುದು? ಎಲೈಟ್ ಹುಟ್ಟಿದ ಅದೇ ಬಿಬಿಸಿ ಮೈಕ್ರೋ. ಯಂತ್ರ ನಮ್ಮಲ್ಲಿಗೂ ಬಂತು, ಅದರ ಸುತ್ತಲಿನ ಲೋಕ ಬರಲಿಲ್ಲ. ಬ್ರಿಟನ್ನಿನ ಹುಡುಗನಿಗೆ ಅದು ರಾತ್ರಿಯಿಡೀ ತನ್ನ ಮೇಜಿನ ಮೇಲಿರುತ್ತಿತ್ತು. ನಮ್ಮ ಹುಡುಗನಿಗೆ ವಾರಕ್ಕೊಂದು ತಾಸು, ಅದೂ ಮೇಷ್ಟ್ರ ಕಾವಲಿನಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಹೋಗುವ ಕೋಣೆಯಲ್ಲಿ. ಆಮದು ಸುಂಕದಿಂದಾಗಿ ಮನೆಗೊಂದು ಕಂಪ್ಯೂಟರ್ ಎಂಬುದು ಮಧ್ಯಮ ವರ್ಗಕ್ಕೂ ದೂರದ ಮಾತಾಗಿತ್ತು. ಕೆಡಿಸಿ ನೋಡುವ, ಮತ್ತೆ ಕಟ್ಟುವ ಸ್ವಾತಂತ್ರ್ಯವಿಲ್ಲದೆ ಆಟ ಬರೆಯುವವರು ಹುಟ್ಟುವುದಿಲ್ಲ. ಭಾರತದ ಸಾಫ್ಟ್‌ವೇರ್ ಉದ್ಯಮ ಮೊದಲಿನಿಂದಲೂ ಬೇರೆಯವರ ಕೆಲಸ ಮಾಡಿಕೊಡುವ ದಾರಿ ಹಿಡಿದದ್ದಕ್ಕೆ ಇದೂ ಒಂದು ಕಾರಣ.

ಡಂಡಿಯಲ್ಲಿ ಮುಂದಿನ ತಿರುವು 1991ರ ಫೆಬ್ರುವರಿಯಲ್ಲಿ ಬಂತು. ಅದಕ್ಕೂ ಮುಂಚೆ, 1989ರ ಬೇಸಿಗೆಯಲ್ಲಿ, ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಪುಟಾಣಿ ಮನುಷ್ಯನನ್ನು ಚಂದವಾಗಿ ನಡೆಸಲು ಸಾಧ್ಯವೇ ಎಂಬ ಚರ್ಚೆ ಕಚೇರಿಯಲ್ಲಿ ಎದ್ದಿತ್ತು. ಡೇಯ್ಲಿ ಊಟದ ಬಿಡುವಿನಲ್ಲಿ ಕೂತು ಮಾಡಿ ತೋರಿಸಿದರು. ಸಾಲುಸಾಲಾಗಿ ನಡೆದು ಬಂದು ಸಾಯುವ ಆ ಮನುಷ್ಯರನ್ನು ಕಂಡು ರಸೆಲ್ ಕೇ ಇದರಲ್ಲೊಂದು ಆಟವಿದೆ ಎಂದರು. ಕಣ್ಣುಮುಚ್ಚಿ ಮುಂದೆ ನಡೆಯುವ ಹಸಿರು ಕೂದಲಿನ ಜೀವಿಗಳನ್ನು ಪ್ರಪಾತದಿಂದ, ಬೆಂಕಿಯಿಂದ ಕಾಪಾಡಿ ಮನೆ ಮುಟ್ಟಿಸುವ ಲೆಮಿಂಗ್ಸ್ ಹಾಗೆ ರೂಪುಗೊಂಡಿತು. ಮೊದಲ ದಿನವೇ 55,000 ಪ್ರತಿಗಳು ಮಾರಿಹೋದವು. ಎರಡೇ ವರ್ಷದಲ್ಲಿ, 1993ರಲ್ಲಿ, ಕಹಿಯಾದ ಮುಷ್ಕರದ ಕೊನೆಗೆ ಟೈಮೆಕ್ಸ್ ಕಾರ್ಖಾನೆ ಬಾಗಿಲು ಹಾಕಿತು. ಕಂಪ್ಯೂಟರ್ ಜೋಡಿಸುವ ಕೆಲಸ ಊರು ಬಿಟ್ಟುಹೋಯಿತು. ಅದರೊಳಗೆ ಏನು ಓಡಬೇಕೆಂದು ಬರೆಯುವ ಕೆಲಸ ಊರಲ್ಲೇ ಉಳಿಯಿತು.

ಜೋನ್ಸ್ ಅವರ ಎರಡನೆಯ ದೊಡ್ಡ ಆಟ ಶುರುವಾದದ್ದು ರೇಸ್ ಎನ್ ಚೇಸ್ ಎಂಬ ಹೆಸರಿನಲ್ಲಿ. ಮೇಲಿನಿಂದ ಕಾಣುವ ಒಂದು ನಗರ, ಅದರಲ್ಲಿ ಪೊಲೀಸರು, ಕಳ್ಳರು. ಪೊಲೀಸನಾಗಿ ಆಡುವವನು ಸಿಗ್ನಲ್ಲಿಗೆ ನಿಲ್ಲಬೇಕು, ದಾರಿಹೋಕರನ್ನು ತಪ್ಪಿಸಬೇಕು. ಪರೀಕ್ಷೆಗೆ ಕೂತವರಿಗೆ ಬೇಸರ ಬಂತು. ಪ್ರೋಗ್ರಾಮಿನ ಒಂದು ದೋಷದಿಂದ ಪೊಲೀಸ್ ಕಾರುಗಳು ಹುಚ್ಚೆದ್ದು ಬಂದು ಆಟಗಾರನಿಗೆ ಗುದ್ದತೊಡಗಿದಾಗ ಮಾತ್ರ ಎಲ್ಲರೂ ಎದ್ದು ಕೂತರು. ಆಟಗಾರನನ್ನು ಕಳ್ಳನನ್ನಾಗಿ ಮಾಡುವುದೆಂದು ತೀರ್ಮಾನವಾಯಿತು. ಕೆಲಸ ಎಳೆದಾಡಿ, ನಿಂತೇ ಹೋಗುವ ಹಂತ ತಲುಪಿ, ಕೊನೆಗೆ 1997ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೋ ಎಂಬ ಹೆಸರಿನಲ್ಲಿ ಹೊರಬಂತು. ಆಟ ಅಂಗಡಿಗೆ ಬರುವ ಮುಂಚೆಯೇ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಲ್ಲಿ ಅದರ ವಿರುದ್ಧ ದನಿ ಎದ್ದಿತ್ತು. ಆ ವಿವಾದವೂ ಮಾರಾಟಕ್ಕೆ ನೆರವಾಯಿತು. ಮಕ್ಕಳ ಕೈಗೆ ಇಂಥ ಆಟ ಕೊಡಬಹುದೇ ಎಂಬ ಪ್ರಶ್ನೆ ಅಂದು ಎದ್ದದ್ದು ಇಂದಿಗೂ ಆರಿಲ್ಲ. ಆರಬೇಕಾಗಿಯೂ ಇಲ್ಲ. ಈ ಆಟಗಳು ವಯಸ್ಕರಿಗೆಂದು ಗುರುತು ಹಾಕಿ ಮಾರುವಂಥವು, ಆ ಗುರುತನ್ನು ತಂದೆತಾಯಿ ಓದಬೇಕು.

ಜಿಟಿಎ ಯಾರ ಕೂಸು ಎಂಬುದೂ ಜಗಳದ ವಿಷಯ. ಕಂಪನಿ ಕಟ್ಟಿದ ಜೋನ್ಸ್ ಅವರದೆನ್ನುವವರಿದ್ದಾರೆ. ತಾಂತ್ರಿಕ ಬೀಜ ಬಿತ್ತಿದ ಡೇಯ್ಲಿ ಅವರದೆನ್ನುವವರಿದ್ದಾರೆ. ಅದನ್ನು ಲೋಕಪ್ರಸಿದ್ಧ ಮಾಡಿದ ಸ್ಯಾಮ್ ಮತ್ತು ಡ್ಯಾನ್ ಹೌಸರ್ ಸಹೋದರರ ಹೆಸರೇ ಪತ್ರಿಕೆಗಳಲ್ಲಿ ಹೆಚ್ಚು ಕಾಣುತ್ತದೆ. ಲಂಡನ್ನಿನವರಾದ ಹೌಸರ್‌ಗಳು ಆಟವನ್ನು ಪ್ರಕಟಿಸಿದ ಬಿಎಂಜಿ ಇಂಟರ್‌ಆಕ್ಟಿವ್‌ನಲ್ಲಿದ್ದರು. 1998ರಲ್ಲಿ ಆ ವಿಭಾಗವನ್ನು ಅಮೆರಿಕದ ಟೇಕ್-ಟೂ ಕೊಂಡಿತು, ಅಣ್ಣತಮ್ಮಂದಿರು ನ್ಯೂಯಾರ್ಕಿಗೆ ಹೋಗಿ ಅದೇ ವರ್ಷದ ಕೊನೆಗೆ ರಾಕ್‌ಸ್ಟಾರ್ ಕಟ್ಟಿದರು. ನನ್ನ ಮಟ್ಟಿಗೆ ಮೊದಲ ಆಟ ಡಂಡಿಯ ಗುಂಪಿನದು, ಮುಂದಿನ ಸಾಮ್ರಾಜ್ಯ ಹೌಸರ್‌ಗಳದು. ಒಬ್ಬರ ಹೆಸರಿಗೆ ಬರೆಯಹೋದರೆ ಇಬ್ಬರಿಗೂ ಅನ್ಯಾಯ.

ಈಗ ಬೆಂಗಳೂರು. 1995ರ ಮಾರ್ಚ್‌ನಲ್ಲಿ ರಾಜೇಶ್ ರಾವ್ ಧ್ರುವ ಇಂಟರ್‌ಆಕ್ಟಿವ್ ಆರಂಭಿಸಿದರು. ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು ಅದೇ ವರ್ಷದ ಆಗಸ್ಟ್ 15ರಂದು, ಅಂದರೆ ಐದು ತಿಂಗಳ ನಂತರ. ಆರಂಭದ ಕೆಲಸ ಮಲ್ಟಿಮೀಡಿಯಾ, ಸ್ಥಳೀಯ ಕಂಪನಿಗಳಿಗೆ ಬೇಕಾದ ಪರಿಚಯ ಚಿತ್ರ, ಸಿಡಿಗಳು. 1997ರ ಹೊತ್ತಿಗೆ ರಾವ್ ಮತ್ತವರ ಸಂಗಡಿಗರು ಇನ್ನು ಮುಂದೆ ಆಟವೇ ನಮ್ಮ ಕಸುಬು ಎಂದು ನಿರ್ಧರಿಸಿದರು. ಆ ನಿರ್ಧಾರದ ಗಟ್ಟಿತನ ಇಂದು ಅರ್ಥವಾಗುವುದು ಕಷ್ಟ. ಬೆಂಗಳೂರಿನಲ್ಲಿ ಆಗ ವೈಟೂಕೆ ಕೆಲಸದ ಹೊಳೆ ಹರಿಯುತ್ತಿತ್ತು. ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿ ತಿದ್ದಿದರೆ ಡಾಲರ್ ಬರುತ್ತಿತ್ತು. ದೇಶದಲ್ಲಿ ಗೇಮ್ ಕಂಪನಿ ಎಂಬ ಜಾತಿಯೇ ಇರಲಿಲ್ಲ. ಕಲಿಸುವ ಕಾಲೇಜಿಲ್ಲ, ಕೆಲಸ ಗೊತ್ತಿರುವ ಹಿರಿಯರಿಲ್ಲ, ಕೊಳ್ಳುವ ಮಾರುಕಟ್ಟೆಯಿಲ್ಲ. ಮಗ ಆಟ ಮಾಡುವ ಕೆಲಸಕ್ಕೆ ಸೇರಿದ್ದಾನೆ ಎಂದರೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವ ಕಾಲ.

ಧ್ರುವಕ್ಕೆ ಸಿಕ್ಕ ಮೊದಲ ದೊಡ್ಡ ಕೆಲಸ ಫ್ರಾನ್ಸಿನ ಲಿಯೋನ್ ನಗರದ ಇನ್ಫೋಗ್ರಾಮ್ಸ್ ಕಂಪನಿಯಿಂದ ಬಂತು. ಮಿಷನ್ ಇಂಪಾಸಿಬಲ್ ಎಂಬ ಆಟವನ್ನು ನಿಂಟೆಂಡೊ ಯಂತ್ರದಿಂದ ಪಿಸಿಗೆ ಹೊಂದಿಸಿಕೊಡುವ ಕೆಲಸ. ಆ ಆಟವನ್ನು ಮೊದಲು ಕೈಗೆತ್ತಿಕೊಂಡಿದ್ದುದು ಮ್ಯಾಂಚೆಸ್ಟರ್ ಮೂಲದ ಓಶನ್. ಸ್ಪೆಕ್ಟ್ರಂ ಕಾಲದಲ್ಲಿ ಬ್ರಿಟನ್ನಿನ ಬಹುದೊಡ್ಡ ಹೆಸರಾಗಿದ್ದ ಆ ಕಂಪನಿಯನ್ನು ಇನ್ಫೋಗ್ರಾಮ್ಸ್ 1996ರಲ್ಲಿ ನುಂಗಿತ್ತು. ಹೊಸಬರ ಗುಂಪಿಗೆ ಇದು ಕಠಿಣ ಪರೀಕ್ಷೆ. ಒಂದು ಯಂತ್ರಕ್ಕೆಂದೇ ಬರೆದ ಪ್ರೋಗ್ರಾಮನ್ನು ಬಿಚ್ಚಿ, ಬೇರೆ ಸ್ಮರಣೆ, ಬೇರೆ ಗ್ರಾಫಿಕ್ಸ್, ಬೇರೆ ಕೀಲಿಗಳಿರುವ ಯಂತ್ರಕ್ಕೆ ಮರಳಿ ಕಟ್ಟಬೇಕು. ಆ ಪಿಸಿ ಆವೃತ್ತಿ ಕೊನೆಗೆ ಮಾರುಕಟ್ಟೆಗೆ ಬರಲೇ ಇಲ್ಲ. ಆದರೆ ಯೂರೋಪಿನ ಕಂಪನಿಯೊಂದು ತನ್ನ ದುಬಾರಿ ಆಟದ ಒಳಮನೆಯನ್ನು ಬೆಂಗಳೂರಿನವರಿಗೆ ತೆರೆದು ತೋರಿಸಿತ್ತು. ಕಲಿಕೆ ಉಳಿಯಿತು.

ಇದೇ ಇನ್ಫೋಗ್ರಾಮ್ಸ್ 1999ರಲ್ಲಿ ಶೆಫೀಲ್ಡಿನ ಗ್ರೆಮ್ಲಿನ್ ಕಂಪನಿಯನ್ನು ಕೊಂಡಿತು. ಎರಡು ವರ್ಷದ ಹಿಂದೆ ಜೋನ್ಸ್ ತಮ್ಮ ಡಿಎಂಎಯನ್ನು ಮಾರಿದ್ದು ಅದೇ ಗ್ರೆಮ್ಲಿನ್ನಿಗೆ. ಹೀಗೆ ಧ್ರುವಕ್ಕೆ ಕೆಲಸ ಕೊಟ್ಟ ಮನೆಯೊಳಗೇ ಡಂಡಿಯ ಗುಂಪೂ ಕೆಲವು ತಿಂಗಳ ಮಟ್ಟಿಗೆ ಬಂದು ಸೇರಿತು. ಸೆಪ್ಟೆಂಬರಿನಲ್ಲಿ ಇನ್ಫೋಗ್ರಾಮ್ಸ್ ಡಿಎಂಎಯನ್ನು ಟೇಕ್-ಟೂಗೆ ಮಾರಿತು. ಜೋನ್ಸ್ ತಾವೇ ಕಟ್ಟಿದ ಸಂಸ್ಥೆ ಬಿಟ್ಟು ಹೊರನಡೆದರು. ಉಳಿದವರು 2001ರಲ್ಲಿ ಮೂರು ಆಯಾಮಗಳ ಜಿಟಿಎ 3 ಮಾಡಿ ಲೋಕ ಗೆದ್ದರು. ಮರುವರ್ಷ ಸಂಸ್ಥೆ ಎಡಿನ್‌ಬರೋದಲ್ಲಿ ರಾಕ್‌ಸ್ಟಾರ್ ನಾರ್ತ್ ಎಂಬ ಹೆಸರು ಹೊತ್ತಿತು. ಆ ವರ್ಷ ಬಂದ ವೈಸ್ ಸಿಟಿಯನ್ನು ಮುಂದೆ ಭಾರತದ ಸೈಬರ್ ಕೆಫೆಗಳ ಒಂದು ಇಡೀ ಪೀಳಿಗೆ ಆಡಿತು. ಅದು ಸ್ಕಾಟ್ಲೆಂಡಿನಲ್ಲಿ ಆದ ಆಟವೆಂದು ತಿಳಿದು ಆಡಿದವರು ವಿರಳ. ಪರದೆಯ ಮೇಲಿದ್ದುದು ಅಮೆರಿಕದ ಮಯಾಮಿ.

ಡಾಟ್‌ಕಾಮ್ ಕುಸಿತದ ನಂತರ ಧ್ರುವದ ಬಾಳಿನಲ್ಲಿ ದೊಡ್ಡ ತಿರುವು ಬಂತು. ಸ್ವಂತ ಆಟದ ಕನಸನ್ನು ಅದು ಕೈಬಿಟ್ಟಿರಲಿಲ್ಲ. ಮೊಬೈಲ್ ಆಟಗಳಿಗಾಗಿ ಚಾರ್ಲಿ ಚಾಪ್ಲಿನ್ ಅವರ ರೂಪ ಬಳಸುವ ಹಕ್ಕನ್ನೂ ಪಡೆದಿತ್ತು. ಆದರೆ ಬದುಕು ನಡೆಸಿದ್ದು ಚಿತ್ರಕಲೆ. ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್‌ಗಳ ಪ್ರತಿ ಹೊಸ ಪೀಳಿಗೆ ಬಂದಂತೆ ಆಟದೊಳಗಿನ ಜಗತ್ತು ಇನ್ನಷ್ಟು ನೈಜವಾಗಬೇಕಾಯಿತು. ಮೊದಲು ಒಂದು ಮರಕ್ಕೆ ನಾಲ್ಕು ಗೆರೆ ಸಾಕಿದ್ದಲ್ಲಿ ಈಗ ತೊಗಟೆಯ ಬಿರುಕೂ ಕಾಣಬೇಕು. ಅಷ್ಟು ಕೈಗಳು ಲಂಡನ್, ಸಿಯಾಟಲ್‌ಗಳಲ್ಲಿ ಇರಲಿಲ್ಲ, ಇದ್ದರೂ ಸಂಬಳ ತಾಳುತ್ತಿರಲಿಲ್ಲ.

ಒಂದು ಕಾರನ್ನು ತೆಗೆದುಕೊಳ್ಳಿ. ಫೋರ್ಜಾದಂಥ ರೇಸಿಂಗ್ ಆಟಗಳಿಗೆ ಧ್ರುವದ ಕಲಾವಿದರು ಕೆಲಸ ಮಾಡಿದರು. ಅಸಲಿ ಕಾರಿನ ನೂರಾರು ಫೋಟೊಗಳು ಬರುತ್ತವೆ. ಬಾನೆಟ್ಟಿನ ಉಬ್ಬು, ಬಾಗಿಲಿನ ಸಂದು, ಸ್ಟಿಯರಿಂಗಿನ ಹೊಲಿಗೆ, ಹೆಡ್‌ಲೈಟಿನ ಗಾಜಿನೊಳಗಿನ ಬಲ್ಬು, ಎಲ್ಲ. ಅವನ್ನು ನೋಡುತ್ತ ಸಣ್ಣ ಸಣ್ಣ ತ್ರಿಕೋನ, ಚೌಕಗಳ ಬಲೆಯಿಂದ ಕಾರಿನ ಮೈಯನ್ನು ಕಟ್ಟಬೇಕು. ಬಲೆ ದಟ್ಟವಾದಷ್ಟೂ ಚಂದ, ಆದರೆ ಯಂತ್ರಕ್ಕೆ ಭಾರ. ಆದ್ದರಿಂದ ಹತ್ತಿರದಿಂದ ಕಾಣುವ ಕಾರು ಒಂದು, ದೂರದಲ್ಲಿ ಕಾಣುವ ಅದೇ ಕಾರು ಇನ್ನೊಂದು, ಕಡಿಮೆ ತೂಕದ್ದು. ಬಲೆಯನ್ನು ಚರ್ಮ ಸುಲಿದಂತೆ ಬಿಡಿಸಿ ಮಟ್ಟಸವಾಗಿ ಹಾಸಿ ಅದರ ಮೇಲೆ ಬಣ್ಣ, ಹೊಳಪು, ಧೂಳು ಬಳಿಯಬೇಕು. ಕಾರು ಕಂಪನಿಯವರು ನೋಡಿ ಈ ಗೆರೆ ಕೂದಲೆಳೆಯಷ್ಟು ಆಚೆ ಹೋಗಿದೆ ಎಂದರೆ ಮತ್ತೆ ತಿದ್ದಬೇಕು. ಇದು ಶಿಲ್ಪಿಯ ಕೆಲಸ. ಅಗ್ಗದ ದುಡಿಮೆ ಎಂದು ತಳ್ಳಿಹಾಕುವವರು ಅದನ್ನು ಒಮ್ಮೆ ಕೂತು ನೋಡಬೇಕು.

ಆದರೂ ಆ ಕಾರು ಓಡುವ ಆಟ ಬೇರೆಯವರದು. ರಾಮದುರ್ಗ ಸೀಮೆಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾಲಕನಿಂದ ನೂಲು ತಂದು, ಅವನು ಹೇಳಿದ ಬಣ್ಣ, ಅವನು ಹೇಳಿದ ಅಂಚಿನ ಸೀರೆ ನೇಯ್ದು, ಮಜೂರಿ ಎಣಿಸಿಕೊಂಡು ಬರುವವನ ಕೈಯಲ್ಲಿ ಕಸುಬು ಪೂರ್ತಿ ಇರುತ್ತದೆ, ಸೀರೆಯ ಮೇಲೆ ಹೆಸರಿರುವುದಿಲ್ಲ. ಧ್ರುವ ಎರಡು ದಶಕ ಮಾಡಿದ್ದು ಹೆಚ್ಚಾಗಿ ಈ ಮಜೂರಿ ನೇಯ್ಗೆ. ಅದನ್ನು ಅತ್ಯುತ್ತಮವಾಗಿ ಮಾಡಿತು.

ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ 2005ರ ತಮ್ಮ ಹೆಸರಾಂತ ಪುಸ್ತಕದಲ್ಲಿ ಜಗತ್ತು ಸಮತಟ್ಟಾಗಿದೆ ಎಂದು ವಾದಿಸಿದಾಗ ಮುಂದಿಟ್ಟ ಸಾಕ್ಷ್ಯಗಳಲ್ಲಿ ರಾಜೇಶ್ ರಾವ್ ಅವರ ಕಥೆಯೂ ಒಂದು. ಬೆಂಗಳೂರಿನಲ್ಲಿ ಕೂತವರು ಈಗ ಯಾರ ಜೊತೆಗೂ ಸರಿಸಮನಾಗಿ ಸ್ಪರ್ಧಿಸಬಲ್ಲರು ಎಂಬುದು ಫ್ರೀಡ್‌ಮನ್ ಅವರ ಮಾತಿನ ಸಾರ. ಇದಕ್ಕೆ ವಿದ್ವಾಂಸರಿಂದ ಗಟ್ಟಿ ಪ್ರತಿವಾದ ಬಂತು. ರಿಚರ್ಡ್ ಫ್ಲೋರಿಡಾ, ಜಗತ್ತು ಸಮತಟ್ಟಲ್ಲ, ಕೆಲವೇ ನಗರಗಳಲ್ಲಿ ಶಿಖರದಂತೆ ಎದ್ದು ನಿಂತಿದೆ ಎಂದರು. ಪಂಕಜ್ ಘೇಮಾವತ್, ವ್ಯಾಪಾರ ಹೂಡಿಕೆಗಳ ಬಹುಪಾಲು ಇನ್ನೂ ದೇಶದ ಗಡಿಯೊಳಗೇ ನಡೆಯುತ್ತದೆ ಎಂದು ಅಂಕಿಅಂಶ ಕೊಟ್ಟು ತೋರಿಸಿದರು. ಧ್ರುವದ ಕಥೆ ಎರಡೂ ವಾದಗಳಿಗೆ ಅರ್ಧರ್ಧ ಸಾಕ್ಷಿ ಹೇಳುತ್ತದೆ. ಕುಶಲತೆ ಸಮುದ್ರ ದಾಟಿ ಬಂತು, ಒಡೆತನ ದಾಟಲಿಲ್ಲ. ಮತ್ತೆ, ಆ ಕುಶಲತೆ ಬೆಂಗಳೂರಿಗೆ ಬಂದು ಅಲ್ಲಿಯೇ ನಿಂತಿತು. ಸವದತ್ತಿಯಿಂದ ನೋಡುವವರಿಗೆ ಜಗತ್ತು ಹೋಗಲಿ, ಕರ್ನಾಟಕವೇ ಸಮತಟ್ಟಾಗಿ ಕಾಣುವುದಿಲ್ಲ.

ರಾವ್ ತಮ್ಮ ಕಂಪನಿಯ ಕೆಲಸಕ್ಕಷ್ಟೇ ನಿಲ್ಲಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಸಾಫ್ಟ್‌ವೇರ್ ಉದ್ಯಮದ ಒಕ್ಕೂಟವಾದ ನ್ಯಾಸ್ಕಾಮ್‌ನ ಗೇಮಿಂಗ್ ವೇದಿಕೆಯನ್ನು ಮುನ್ನಡೆಸಿ, ದೇಶದ ಗೇಮ್ ತಯಾರಕರು ವರ್ಷಕ್ಕೊಮ್ಮೆ ಕೂಡುವ ಸಮ್ಮೇಳನಕ್ಕೆ ಬೆನ್ನೆಲುಬಾದರು. ಧ್ರುವದಲ್ಲಿ ಕೆಲಸ ಕಲಿತವರು ಬೇರೆ ಕಂಪನಿಗಳಿಗೆ ಹರಡಿದರು. ಕಲಿಸುವ ಕಾಲೇಜು ಇಲ್ಲದ ದೇಶದಲ್ಲಿ ಅದೇ ಕಾಲೇಜಾಯಿತು.

2016ರ ಡಿಸೆಂಬರಿನಲ್ಲಿ ಸ್ಟಾರ್‌ಬ್ರೀಜ್ ಧ್ರುವದ ಶೇಕಡಾ 90.5 ಪಾಲನ್ನು 85 ಲಕ್ಷ ಡಾಲರಿಗೆ ಕೊಳ್ಳುವ ಒಪ್ಪಂದ ಘೋಷಿಸಿತು. ಆಗ ಧ್ರುವದಲ್ಲಿ ಮುನ್ನೂರಕ್ಕೂ ಹೆಚ್ಚು ಜನರಿದ್ದರು. ಎರಡು ವರ್ಷ ಕಳೆಯುವುದರೊಳಗೆ ಸ್ಟಾರ್‌ಬ್ರೀಜ್ ನೆಚ್ಚಿಕೊಂಡಿದ್ದ ವಾಕಿಂಗ್ ಡೆಡ್ ಆಟ ನೆಲಕಚ್ಚಿತು. 2018ರ ಡಿಸೆಂಬರಿನಲ್ಲಿ ಕಂಪನಿ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಹಣ ಹೊಂದಿಸಲು ಮಾರಬಹುದಾದದ್ದನ್ನೆಲ್ಲ ಮಾರತೊಡಗಿದಾಗ ಧ್ರುವವೂ ಆ ಪಟ್ಟಿಗೆ ಸೇರಿತು. ಕೊಂಡದ್ದಕ್ಕಿಂತ ಕಡಿಮೆ ಬೆಲೆಗೆ ಅದು ಮಾರಾಟವಾದದ್ದು ಬೆಂಗಳೂರಿನವರ ಕೆಲಸ ಕೆಟ್ಟಿತ್ತೆಂದಲ್ಲ, ಸ್ಟಾಕ್‌ಹೋಮಿನ ಒಡೆಯರಿಗೆ ತುರ್ತಿತ್ತೆಂದು. ಬೇರೆಯವರ ಸೊತ್ತಾದವರ ಹಣೆಬರಹ ಬೇರೆಯವರ ಸೋಲಿನಿಂದಲೂ ತೀರ್ಮಾನವಾಗುತ್ತದೆ.

ರಾಕ್‌ಸ್ಟಾರ್ 2016ರಲ್ಲೇ ಬೆಂಗಳೂರಿನಲ್ಲಿ ರಾಕ್‌ಸ್ಟಾರ್ ಇಂಡಿಯಾ ಎಂಬ ಕಚೇರಿ ತೆರೆದಿತ್ತು. 2018ರ ರೆಡ್ ಡೆಡ್ ರಿಡೆಂಪ್ಷನ್ 2 ಆಟದಲ್ಲಿ ಆ ಕಚೇರಿಯವರ ದುಡಿಮೆಯಿದೆ. 2019ರಲ್ಲಿ ಧ್ರುವ ಅದರೊಳಗೆ ಬೆರೆಯಿತು. ದೇಶದ ಅತಿ ಹಳೆಯ ಗೇಮ್ ಸಂಸ್ಥೆಗಳಲ್ಲಿ ಒಂದರ ಹೆಸರು ಹಾಗೆ ಅಳಿಯಿತು, ಅಲ್ಲಿನ ಕಲಾವಿದರು ಉಳಿದರು. ಜೋನ್ಸ್ ಮೂವತ್ತು ವರ್ಷಗಳ ಹಿಂದೆ ಪರಿಹಾರದ ಹಣದಿಂದ ಕಟ್ಟಿದ ಸಂಸ್ಥೆಯ ವಾರಸುದಾರರೂ, ರಾವ್ ಕಟ್ಟಿದ ಸಂಸ್ಥೆಯ ವಾರಸುದಾರರೂ ಈಗ ಒಂದೇ ಆಟಕ್ಕೆ ಕೈ ಸೇರಿಸುವವರಾದರು.

ಜೋನ್ಸ್ ಅವರ ಮುಂದಿನ ಹಾದಿಯೂ ಸುಗಮವಾಗಿರಲಿಲ್ಲ. 2002ರಲ್ಲಿ ಡಂಡಿಯಲ್ಲೇ ರಿಯಲ್‌ಟೈಮ್ ವರ್ಲ್ಡ್ಸ್ ಕಟ್ಟಿದರು. 2007ರ ಕ್ರ್ಯಾಕ್‌ಡೌನ್ ಗೆದ್ದಿತು. ಹತ್ತು ಕೋಟಿಗೂ ಹೆಚ್ಚು ಡಾಲರ್ ಹೂಡಿಕೆ ಎತ್ತಿದ ಆ ಸಂಸ್ಥೆ, ಎಪಿಬಿ ಎಂಬ ಆನ್‌ಲೈನ್ ಆಟವನ್ನು 2010ರ ಬೇಸಿಗೆಯಲ್ಲಿ ಬಿಡುಗಡೆ ಮಾಡಿತು. ಎರಡು ತಿಂಗಳೊಳಗೆ ಕಂಪನಿ ಮುಳುಗಿತು. ಊರಿಗೆ ಅದು ದೊಡ್ಡ ಪೆಟ್ಟು. ಆದರೆ ಡಂಡಿ ಅಳಿಯಲಿಲ್ಲ. ಕೆಲಸ ಕಳೆದುಕೊಂಡವರು ಸಣ್ಣ ಸಣ್ಣ ಗುಂಪು ಕಟ್ಟಿಕೊಂಡು ಅಲ್ಲೇ ಉಳಿದರು. ಉಳಿಯಲು ಕಾರಣ ಆಬರ್ಟೇ ವಿಶ್ವವಿದ್ಯಾಲಯ. ಜೋನ್ಸ್ ಓದಿದ ಊರ ತಾಂತ್ರಿಕ ಕಾಲೇಜೇ ಬೆಳೆದು ವಿಶ್ವವಿದ್ಯಾಲಯವಾಗಿ, 1997ರಲ್ಲಿ, ಜಿಟಿಎ ಬಂದ ಅದೇ ವರ್ಷ, ಕಂಪ್ಯೂಟರ್ ಆಟ ಕಟ್ಟುವುದನ್ನು ಪದವಿ ಶಿಕ್ಷಣವಾಗಿ ಆರಂಭಿಸಿತ್ತು. ಒಂದು ಕಂಪನಿ ಬಿದ್ದರೂ ಮರುವರ್ಷ ಹೊಸ ಹುಡುಗರು ಕಲಿತು ಹೊರಬರುತ್ತಿದ್ದರು. ಡಂಡಿಯ ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು. ಬೆಳಗಾವಿ ನಗರ ಅದರ ಮೂರು ಪಟ್ಟು.

ಕರ್ನಾಟಕ ಸರ್ಕಾರ 2012ರಲ್ಲೇ ಆನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ ಪ್ರತ್ಯೇಕ ನೀತಿ ತಂದಿತು. ದೇಶದಲ್ಲಿ ಅಂಥ ನೀತಿ ತಂದ ಮೊದಲ ರಾಜ್ಯ ನಮ್ಮದು. 2024ರಲ್ಲಿ ಅದನ್ನು ಮತ್ತೆ ನವೀಕರಿಸಿದೆ. ಇದರ ಫಲ ಬಹುಪಾಲು ಬೆಂಗಳೂರಿನ ಸುತ್ತ ನಿಂತಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ಬೆಳಗಾವಿಯಲ್ಲಿ. ಡಂಡಿಯ ಒಂದು ಸಣ್ಣ ವಿಶ್ವವಿದ್ಯಾಲಯ 1997ರಲ್ಲಿ ಮಾಡಿದ್ದನ್ನು ಇಲ್ಲಿಯೂ ಪೂರ್ಣ ಪ್ರಮಾಣದಲ್ಲಿ ಮಾಡಬಹುದು. ಪ್ರೋಗ್ರಾಮ್ ಬರೆಯುವವರು, ಚಿತ್ರ ಬಿಡಿಸುವವರು, ಕಥೆ ಹೇಳುವವರು ಒಂದೇ ಸೂರಿನಡಿ ಕೂತು ಕಲಿಯುವ ವಿಭಾಗ ಬೇಕು. ತಾಲೂಕು ಕೇಂದ್ರದ ಸರ್ಕಾರಿ ಕಾಲೇಜುಗಳಲ್ಲಿ, ಸಂಜೆಯೂ ತೆರೆದಿರುವ, ಕೆಟ್ಟರೆ ಬೈಗುಳವಿಲ್ಲದ ಕಂಪ್ಯೂಟರ್ ಕೋಣೆ ಬೇಕು. 1984ರಲ್ಲಿ ನಾವು ಕೊಡದೆ ಉಳಿಸಿದ್ದು ಅದನ್ನೇ.

ವಸ್ತುವಿಗೆ ಈ ನೆಲದಲ್ಲಿ ಬರವಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಬಾಗಿಲಲ್ಲಿ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಬಿದ್ದ ಕಾಳಗ, ಡಿಸೆಂಬರಿನ ಎರಡನೆಯ ಮುತ್ತಿಗೆ, ಬೈಲಹೊಂಗಲದ ಸೆರೆಯಲ್ಲಿ ಚೆನ್ನಮ್ಮನ ಕೊನೆಯ ದಿನಗಳು, ಸಂಗೊಳ್ಳಿ ರಾಯಣ್ಣ ಕಾಡಿನಲ್ಲಿ ಅಡಗಿ ಕಚೇರಿಗಳನ್ನು ಸುಟ್ಟ ತಿಂಗಳುಗಳು. ಕೋಟೆಯ ಅಳತೆ ಇದೆ, ಬ್ರಿಟಿಷರ ಕಡತಗಳಿವೆ, ಲಾವಣಿಗಳಿವೆ. ಸವದತ್ತಿಯಲ್ಲಿ ರಟ್ಟರ ರಾಜಧಾನಿಯ ಕುರುಹುಗಳಿವೆ, ಪರಸಗಡದ ಕೋಟೆಯಿದೆ. ಸ್ಕಾಟ್ಲೆಂಡಿನ ಹುಡುಗರು ಮಯಾಮಿ ಕಟ್ಟಿದರು. ಕಿತ್ತೂರನ್ನು ದಿನವೂ ಬಸ್ಸಿನಿಂದ ನೋಡುವ ಹುಡುಗರು ಕಿತ್ತೂರು ಕಟ್ಟಬಲ್ಲರು. ಕಟ್ಟುವ ಕುಶಲತೆ ಈಗ ನಮ್ಮ ರಾಜ್ಯದಲ್ಲೇ ಇದೆ, ಬೇರೆಯವರ ಆಟಗಳಲ್ಲಿ ಅದರ ಸಾಕ್ಷಿಯಿದೆ.

ಪ್ರತಿ ಅಕ್ಟೋಬರಿನಲ್ಲಿ ಸರ್ಕಾರ ಕಿತ್ತೂರು ಉತ್ಸವಕ್ಕೆ ಹಣ ತೆಗೆದಿಡುತ್ತದೆ. ಅದರಲ್ಲಿ ಒಂದು ಪಾಲನ್ನು ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ತಾಲೂಕುಗಳ ವಿದ್ಯಾರ್ಥಿಗಳು ಕಿತ್ತೂರಿನ ಮೇಲೆ ಕನ್ನಡದಲ್ಲಿ ಕಟ್ಟುವ ಆಟಕ್ಕೆ ಮೀಸಲಿಡಲಿ. ಆಟದ ಹಕ್ಕು ಕಟ್ಟಿದವರ ಹೆಸರಿನಲ್ಲೇ ಉಳಿಯುವಂತೆ ಕರಾರಿನಲ್ಲಿ ಬರೆಯಲಿ.